ಬಾಲದೊಳಗಿನ ತಾಮ್ರ

ಉದ್ಯಾವರ
18 ಆಗಸ್ಟ್ 2024

ಆನ್ಸಿಲ್ಲಾ ಅಕ್ಕಾ,

ಲಕೋಟೆಯ ಮೇಲೆ ‘ಸಿಸ್ಟರ್ ತೆರೆಸಾ’ ಎಂದು ಬರೆದು, ಒಳಗೆ ನಿನ್ನ ಹಳೆಯ ಹೆಸರು ಬರೆಯುವಾಗ ಏನೋ ಕಳ್ಳತನ ಮಾಡಿದ ಹಾಗೆ ಅನಿಸುತ್ತದೆ. ಹೊರಗೆ ಕಾಲಿಡದ, ಫೋನೂ ಇಲ್ಲದ ನಿಮ್ಮ ಕಾನ್ವೆಂಟಿಗೆ ಬರುವ ಪತ್ರವನ್ನು ಮೊದಲು ಓದುವವರು ಅಲ್ಲಿನ ಹಿರಿಯರಾದ ಮದರ್ ಆಂಜೆಲಾ ಎಂದು ಗೊತ್ತು. ಮದರ್, ನಮಸ್ಕಾರ. ನಿಮಗೆ ಕೊಂಕಣಿ ಬಾರದ ಕಾರಣ ನಾವು ಅಕ್ಕ ತಮ್ಮ ಇಷ್ಟು ವರ್ಷಗಳಲ್ಲಿ ಕನ್ನಡದಲ್ಲೇ ಜಗಳ ಮಾಡಲು ಕಲಿತುಬಿಟ್ಟಿದ್ದೇವೆ.

ಅಕ್ಕಾ, ವಿಮಾನದ ಮೈ ಮುಗಿಯಿತು. ಆರು ವರ್ಷವಾಯಿತು ನೋಡು. ಶೆಡ್ಡಿನ ಎದುರು ಭಾಗದಲ್ಲಿ ಮೀನುಗಾರರ ಫೈಬರ್ ದೋಣಿ, ಹಿಂಭಾಗದಲ್ಲಿ ನನ್ನ ಒಂಟಿ ಸೀಟಿನ ವಿಮಾನ. ಎರಡಕ್ಕೂ ಅದೇ ಗಾಜಿನ ನೂಲಿನ ಬಟ್ಟೆ, ಅದೇ ಅಂಟು. ಕಾಪುವಿನ ಮುದ್ದಣ್ಣ, ನನ್ನ ಹಳೆಯ ಕೆಲಸಗಾರ, ನಿನಗೆ ನೆನಪಿರಬೇಕು, ನಿನ್ನೆ ಅದರ ಹೊಟ್ಟೆ ಸವರಿ ಹೇಳಿದ: “ಇವಾನಣ್ಣ, ಇದು ನೀರಲ್ಲಿ ಚಂದ ತೇಲುತ್ತದೆ. ಗಾಳಿಯಲ್ಲಿ ಎಂತ ಮಾಡುತ್ತದೋ ನನಗೆ ಗೊತ್ತಿಲ್ಲ ಮಾರಾಯ್ರೆ.”

ಈಗ ರೇಡಿಯೋ ಆಂಟೆನಾ ಕೂರಿಸಬೇಕು. ಎಲ್ಲರೂ ಬೆನ್ನ ಮೇಲೆ ಒಂದು ಕಡ್ಡಿ ನೆಡುತ್ತಾರೆ. ನನಗೆ ಅದು ಬೇಡ. ಹದಿನೆಂಟು ವರ್ಷ ದುಬೈಯಲ್ಲಿ ಶ್ರೀಮಂತರ ದೋಣಿ ಕಟ್ಟಿದವನು ನಾನು, ಮೈ ಮೇಲೆ ಒಂದು ಸ್ಕ್ರೂ ಕಂಡರೂ ನಿದ್ದೆ ಬಾರದು. ಒಳಗೇ ಅಡಗಿಸಲು ಬರುತ್ತದೆಯೆಂದು ಕೇಳಿದ್ದೇನೆ. ಮಣಿಪಾಲದಲ್ಲಿ ಆಂಟೆನಾ ಪಾಠದಲ್ಲಿ ಇಡೀ ತರಗತಿಗೆ ಮೊದಲು ಬಂದು, ಕೊನೆಯ ವರ್ಷ ಎಲ್ಲ ಬಿಟ್ಟು ದೇವರ ಬಳಿಗೆ ಹೋದವಳು ನೀನು. ದೇವರಿಗೆ ಆಂಟೆನಾ ಬೇಡ, ನನಗೆ ಬೇಕು. ಹೇಳಿಕೊಡು.

ಬರುವ ಬೇಸಿಗೆಯಲ್ಲಿ ಹಾರಬೇಕು. ಘಟ್ಟದ ಮೇಲಿನ ಫ್ಲೈಯಿಂಗ್ ಕ್ಲಬ್ಬಿನಿಂದ ಹೊರಟರೆ ನಿನ್ನ ಕಾನ್ವೆಂಟ್ ದಾರಿಯಲ್ಲೇ ಸಿಗುತ್ತದೆ. ಮಧ್ಯಾಹ್ನ ಒಂದೂವರೆಗೆ ನೀವೆಲ್ಲ ಅಂಗಳಕ್ಕೆ ಬರುತ್ತೀರಲ್ಲ, ಆಗ ಬರುತ್ತೇನೆ. ನೀನು ಮೇಲೆ ನೋಡಿದರೆ ಸಾಕು.

ಇವಾನ್


ಕಾನ್ವೆಂಟಿನಿಂದ
9 ಸೆಪ್ಟೆಂಬರ್ 2024

ಪ್ರೀತಿಯ ಇವಾನ್,

ನಿನ್ನೆ ಮೊಂತಿ ಹಬ್ಬ, ನಮ್ಮ ತೆನೆ ಹಬ್ಬ. ಇಲ್ಲಿ ಭತ್ತದ ಹೊಸ ತೆನೆ ಸಿಗದೆ ರಾಗಿಯ ತೆನೆಯನ್ನೇ ಹಾಲಿನಲ್ಲಿ ಹಾಕಿದೆವು. ಬೆಳ್ಮಣ್ಣಿನ ಮನೆಯಲ್ಲಿ ತೆನೆಯ ಅಕ್ಕಿ ಸುಲಿಯುತ್ತಾ ನೀನು ಅರ್ಧ ತಿಂದುಬಿಡುತ್ತಿದ್ದದ್ದು ನೆನಪಾಯಿತು.

ನಿನ್ನ ಪ್ರಶ್ನೆ ಓದಿ ಮದರ್ ನಕ್ಕರು. ಮೂವತ್ತಮೂರು ವರ್ಷ ಮುಟ್ಟದ ಲೆಕ್ಕವನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮಾಡಿದೆ. ಕೈ ಮರೆತಿರಲಿಲ್ಲ. ಅದಕ್ಕೆ ಆದ ಸಂತೋಷವನ್ನು ಪಾಪನಿವೇದನೆಯಲ್ಲಿ ಹೇಳಬೇಕೋ ಬೇಡವೋ ಇನ್ನೂ ತೀರ್ಮಾನಿಸಿಲ್ಲ.

ಬಾಲದಲ್ಲಿ ನೆಟ್ಟಗೆ ನಿಂತ ರೆಕ್ಕೆ ಇದೆಯಲ್ಲ, ಅದೇ ಜಾಗ. ಅಂಟುವ ತಾಮ್ರದ ಪಟ್ಟಿ ತೆಗೆದುಕೋ. ಐವತ್ತೇಳು ಸೆಂಟಿಮೀಟರಿನ ಎರಡು ತುಂಡು, ಒಂದು ಮೇಲಕ್ಕೆ, ಒಂದು ಕೆಳಕ್ಕೆ, ಒಳಗೋಡೆಗೆ ಅಂಟಿಸು. ನಡುವೆ ಒಂದು ಬೆರಳಿನ ಅಂತರ ಇರಲಿ. ಅಲ್ಲಿಂದ ಕೇಬಲ್ ನೇರ ಮುಂದಕ್ಕೆ ಬರಬೇಕು, ಪಟ್ಟಿಯ ಪಕ್ಕದಲ್ಲೇ ಇಳಿಯಬಾರದು. ಕೇಬಲ್ಲೇ ಆಂಟೆನಾ ಆಗದಿರಲು ಅದಕ್ಕೆ ಮೂರು ಫೆರೈಟ್ ಉಂಗುರ, ಕಬ್ಬಿಣದ ಪುಡಿಯ ಆ ಕಪ್ಪು ಮಣಿಗಳನ್ನು, ತೊಡಿಸು. ಗಾಜಿನ ಬಟ್ಟೆ ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ರೇಡಿಯೋ ಅಲೆ ಅದನ್ನು ದಾಟುತ್ತದೆ. ನಿನ್ನ ಸೊಕ್ಕಿಗೂ ತೊಂದರೆಯಿಲ್ಲ, ಕಡ್ಡಿ ಕಾಣುವುದಿಲ್ಲ.

ಒಂದು ದೂರು. ನಿನ್ನ ಅಕ್ಷರ ಏಕೆ ಇಷ್ಟು ಸಣ್ಣದಾಗಿದೆ? ವಿಮಾನದ ತೂಕ ಇಳಿಸುವ ಚಿಂತೆ ಪತ್ರಕ್ಕೂ ಅಂಟಿತಾ?

ಆನ್ಸಿಲ್ಲಾ


ಉದ್ಯಾವರ
24 ನವೆಂಬರ್ 2024

ಅಕ್ಕಾ,

ಮುಂದಿನ ಭಾನುವಾರದಿಂದ ಕ್ರಿಸ್ಮಸ್ ತನಕ ನಿಮ್ಮ ಅಂಚೆ ಬಾಗಿಲು ಮುಚ್ಚುತ್ತದೆ ಎಂದು ಅವಸರದಲ್ಲಿ ಬರೆಯುತ್ತಿದ್ದೇನೆ.

ಕೆಲಸ ಮಾಡಿತು! ನೀನು ಹೇಳಿದ ಹಾಗೆಯೇ, ಐವತ್ತೇಳು ಎಂದರೆ ಐವತ್ತೇಳೇ. ಕ್ಲಬ್ಬಿನವರು ಅನುಮತಿ ಕೊಟ್ಟು ಕೈಯಲ್ಲಿ ಹಿಡಿಯುವ ಒಂದು ರೇಡಿಯೋ ಸೆಟ್ ಕಳುಹಿಸಿದ್ದರು. ಅದನ್ನು ಹಿಡಿದುಕೊಂಡು ಮುದ್ದಣ್ಣ ಕಾಪು ದೀಪಸ್ತಂಭ ಹತ್ತಿದ, ಪ್ರವಾಸಿಗರಿಗೆ ಬಿಡುವ ಹೊತ್ತಿನಲ್ಲಿ. ನಾನು ಇಲ್ಲಿ ಶೆಡ್ಡಿನ ಎದುರು ವಿಮಾನದಲ್ಲಿ ಕುಳಿತು ಮಾತಾಡಿದೆ. ಅಷ್ಟು ದೂರದಿಂದ ಅವನ ಉತ್ತರ: “ಕೇಳುತ್ತದೆ ಇವಾನಣ್ಣ, ಪಕ್ಕದಲ್ಲಿ ನಿಂತ ಹಾಗೆ ಉಂಟು. ಮೆಟ್ಟಿಲು ಹತ್ತಿ ನನ್ನ ಕಾಲು ಹೋಯಿತು, ಬೇಗ ಮುಗಿಸಿ.” ನನ್ನ ಹೆಂಡತಿ ಕ್ಯಾರಲ್ ಕಾರ್ಕಳದ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವಳು ಸಮವಸ್ತ್ರದಲ್ಲೇ ನಿಂತು ಚಪ್ಪಾಳೆ ತಟ್ಟಿದಳು. ಆಮೇಲೆ ಯಾಕೋ ಒಳಗೆ ಹೋಗಿ ಅತ್ತಳು. ಸಂತೋಷಕ್ಕೆ ಇರಬೇಕು.

ಈ ನಕ್ಷೆಯನ್ನೇ ವಿಮಾನಯಾನ ಇಲಾಖೆಗೆ ಕಳುಹಿಸಿದ್ದೇನೆ. ಬೇಸಿಗೆಯಲ್ಲಿ ಪರೀಕ್ಷಕರು ಒಮ್ಮೆ ಬರುತ್ತಾರೆ. ಅವರು ಒಪ್ಪಿದರೆ ಹಾರಬಹುದು.

ಅಕ್ಷರದ ಬಗ್ಗೆ ಕೇಳಿದ್ದೆ. ಹೊಸ ಪೆನ್ನು, ಅಷ್ಟೇ.

ಇವಾನ್


ಕಾನ್ವೆಂಟಿನಿಂದ
6 ಜನವರಿ 2025

ಪ್ರೀತಿಯ ಇವಾನ್,

ನಿನ್ನ ಪತ್ರವನ್ನು ಊಟದ ಮನೆಯಲ್ಲಿ ಮದರ್ ಎಲ್ಲರಿಗೂ ಓದಿ ಹೇಳಿದರು. ಎಂಬತ್ತು ದಾಟಿದ ಸಿಸ್ಟರ್ ಮನೋರಮಾ, “ಆ ದೀಪಸ್ತಂಭ ಹತ್ತಿದವನಿಗೆ ಒಂದು ಜಪಸರ” ಎಂದರು. ಮುದ್ದಣ್ಣನಿಗೆ ತಿಳಿಸು, ಅವನ ಕಾಲಿಗೆ ಹನ್ನೊಂದು ಕನ್ಯಾಸ್ತ್ರೀಯರ ಪ್ರಾರ್ಥನೆ ಉಂಟು.

ಆದರೆ ಕೇಳು. ಕ್ರಿಸ್ಮಸ್ ಕಳೆದು ಮೂರನೆಯ ದಿನ ಒಂದು ಕನಸು ಬಿತ್ತು. ನಿನ್ನ ವಿಮಾನದ ಬಾಲ ಮುರಿದು ಬೀಳುತ್ತದೆ. ನೀನು ಮಾತಾಡುತ್ತಲೇ ಇದ್ದೀ, ಬಾಲ ಹೋದದ್ದು ನಿನಗೆ ಗೊತ್ತಿಲ್ಲ. ನಾನು ಕನಸುಗಳನ್ನು ನಂಬುವವಳಲ್ಲ. ಆದರೂ ನಿನ್ನನ್ನು ಬೇಡಿಕೊಳ್ಳುತ್ತೇನೆ, ಬಾಲವನ್ನು ಇನ್ನಷ್ಟು ಗಟ್ಟಿ ಮಾಡು. ಗಟ್ಟಿಯಾಗದಿದ್ದರೆ ಹಾರಬೇಡ.

ಪೆನ್ನು ಬದಲಿಸು. ಸಾಲು ಶುರುವಾಗುವಾಗ ಸರಿ ಇರುತ್ತದೆ, ಕೊನೆಗೆ ಬರುವಾಗ ಅಕ್ಷರ ಸಾಸಿವೆಯಷ್ಟಾಗುತ್ತದೆ.

ಆನ್ಸಿಲ್ಲಾ


ಉದ್ಯಾವರ
1 ಮಾರ್ಚ್ 2025

ಅಕ್ಕಾ,

ಪರೀಕ್ಷೆಯ ದಿನ ಬಂತು, ಮೇ ಎರಡು. ಚೈತಾಲಿ ಎಂಬ ಒಬ್ಬರು ಬರುತ್ತಾರೆ.

ನಿನ್ನ ಕನಸು ನನ್ನ ತಲೆಯಲ್ಲೂ ಹೊಕ್ಕಿದೆ. ದೋಣಿಯವರ ಅಭ್ಯಾಸ ನಿನಗೆ ಗೊತ್ತಲ್ಲ, ಎಲ್ಲಿ ಮನಸ್ಸು ಅಳುಕಿದರೂ ಅಲ್ಲಿಗೆ ಇನ್ನೊಂದು ಪದರ ಹಾಕಿಬಿಡುತ್ತೇವೆ. ಮಣಿಪಾಲದ ದೋಣಿ ಕ್ಲಬ್ಬಿನ ಸ್ಪರ್ಧೆಗೆಂದು ತರಿಸಿದ ಕಾರ್ಬನ್ ಬಟ್ಟೆ ಸ್ವಲ್ಪ ಉಳಿದಿದೆ. ಕಪ್ಪು, ರೇಷ್ಮೆಯ ಹಾಗೆ ಹೊಳಪು, ಗಾಜಿನ ಬಟ್ಟೆಗಿಂತ ಎಷ್ಟೋ ಬಲ. ಬಾಲದ ರೆಕ್ಕೆಗೆ ಎರಡೂ ಬದಿಯಿಂದ ಅದನ್ನು ಹೊದಿಸಿದರೆ ನಿನ್ನ ಕನಸಿನ ಬಾಯಿ ಮುಚ್ಚುತ್ತದೆ. ತೂಕವೂ ಏರುವುದಿಲ್ಲ.

ಒಳಗೆ ನಿನ್ನ ತಾಮ್ರ ಇರುವುದರಿಂದ ಒಂದು ಮಾತು ಕೇಳಿ ಮಾಡೋಣವೆಂದುಕೊಂಡೆ. ಬುಧವಾರ ಬೂದಿ ಹಚ್ಚಿ ತಪಸ್ಸುಕಾಲ ಶುರುವಾದ ಮೇಲೆ ಈಸ್ಟರ್ ತನಕ ನಿಮ್ಮಲ್ಲಿ ಪತ್ರ ಹೋಗುವುದೂ ಇಲ್ಲ, ಬರುವುದೂ ಇಲ್ಲ. ಇದು ಮಂಗಳವಾರದೊಳಗೆ ನಿನ್ನ ಕೈಗೆ ಸಿಗಬೇಕು. ನನ್ನ ಯೋಚನೆ ತಪ್ಪಾದರೆ ಮದರ್ ಬಳಿ ವಿಶೇಷ ಅಪ್ಪಣೆ ಪಡೆದಾದರೂ ನೀನು ಒಂದು ಸಾಲು ಬರೆಯುತ್ತೀ, ನಿನ್ನ ಸ್ವಭಾವ ನನಗೆ ಗೊತ್ತು. ಹದಿನೈದು ದಿನ ಕಾಯುತ್ತೇನೆ. ಏನೂ ಬಾರದಿದ್ದರೆ ಒಪ್ಪಿಗೆ ಎಂದು ತಿಳಿದು ಹೊದಿಸುತ್ತೇನೆ.

ಲಕೋಟೆಯ ಮೇಲೆ ಏನಾದರೂ ಬರೆಯೋಣ ಎಂದುಕೊಂಡೆ. ಸಾವು, ಕಾಯಿಲೆ ಬಿಟ್ಟು ಬೇರೆ ಯಾವುದೂ ತುರ್ತಲ್ಲ ಎಂದು ನೀನೇ ಒಮ್ಮೆ ಬೈದಿದ್ದೆ. ಹಾಗಾಗಿ ಬರೆಯಲಿಲ್ಲ.

ಇವಾನ್


ಕಾನ್ವೆಂಟಿನಿಂದ
21 ಏಪ್ರಿಲ್ 2025, ಈಸ್ಟರ್ ಮರುದಿನ

ಇವಾನ್,

ಕಾರ್ಬನ್ ಹಾಕಬೇಡ. ಹಾಕಿದ್ದರೆ ತೆಗೆ.

ಅದರಲ್ಲಿ ವಿದ್ಯುತ್ ಹರಿಯುತ್ತದೆ. ಗಾಜಿನ ಬಟ್ಟೆಯ ಹಾಗಲ್ಲ ಅದು. ಎರಡೂ ಬದಿ ಹೊದಿಸಿದರೆ, ಬಿಸ್ಕತ್ತಿನ ಡಬ್ಬಿಯೊಳಗೆ ಕುಳಿತು ಮುಚ್ಚಳ ಹಾಕಿಕೊಂಡು ಕೂಗಿದಷ್ಟೇ.

ನಿನ್ನ ಪತ್ರ ಬಂದದ್ದು ಬೂದಿ ಬುಧವಾರದ ಮರುದಿನ. ಅಂದಿನಿಂದ ಮದರ್ ಮೇಜಿನ ಡ್ರಾಯರಿನಲ್ಲಿತ್ತು, ಉಳಿದವರ ಪತ್ರಗಳ ಜೊತೆ, ಒಡೆಯದೆ. ನಿನ್ನೆ ಹಬ್ಬದ ಊಟದ ನಂತರ ಎಲ್ಲರಿಗೂ ಹಂಚಿದರು. ನಾನು ಓದಿ ಎದ್ದು ನಿಂತೆ, ಮದರ್ ಕೇಳಿದರು “ಏನಾಯಿತು ಸಿಸ್ಟರ್?” ಎಂದು. ಕಾರ್ಬನ್ ಎಂಬ ಪದದ ಮೇಲೆ ಬೆರಳಿಟ್ಟು ತೋರಿಸಿದೆ.

ಇವತ್ತೇ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸುತ್ತಿದ್ದಾರೆ. ಮೇ ಎರಡಕ್ಕೆ ಹನ್ನೊಂದು ದಿನ ಉಂಟು. ನಿನ್ನ ಕೈ ಚುರುಕು, ಅಷ್ಟರಲ್ಲಿ ಆಗುತ್ತದೆ.

ಆನ್ಸಿಲ್ಲಾ


ಉದ್ಯಾವರ
5 ಮೇ 2025

ಅಕ್ಕಾ,

ಆಗಲಿಲ್ಲ.

ಮಾರ್ಚ್ ಹದಿನೇಳಕ್ಕೆ ಹೊದಿಸಿದ್ದೆ. ಕ್ಲಬ್ಬಿನ ಕೈ ಸೆಟ್ ಆಗಲೇ ವಾಪಸ್ ಹೋಗಿತ್ತು, ಇನ್ನೊಮ್ಮೆ ನೋಡುವ ಬುದ್ಧಿ ಬರಲಿಲ್ಲ. ದೀಪಸ್ತಂಭದಿಂದ ಕೇಳಿದ್ದು ಸಾಲದೇ ಎಂದು ಧೈರ್ಯ. ನಿನ್ನ ಪತ್ರ ಸಿಕ್ಕಿದ ದಿನವೇ ಉಜ್ಜಲು ಶುರು ಮಾಡಿದೆ. ಕಾರ್ಬನ್ ಅಂಟು ಕುಡಿದು ಒಂದು ತಿಂಗಳು ಒಣಗಿದ ಮೇಲೆ ಅದು ಬಟ್ಟೆಯಲ್ಲ, ಬಂಡೆ. ಮೂರನೆಯ ದಿನ ಗ್ರೈಂಡರ್ ಜಾರಿತು. ಕಾರ್ಬನ್ನಿನ ಜೊತೆ ಕೆಳಗಿನ ಗಾಜಿನ ಪದರವೂ ಹೋಯಿತು, ತಾಮ್ರವೂ ತುಂಡಾಯಿತು. ಮುದ್ದಣ್ಣ “ಅಯ್ಯೋ, ನನಗೆ ಕೊಡಿ ಅಂತ ನಿನ್ನೆಯೇ ಹೇಳಿದೆ ಅಲ್ವಾ” ಎಂದು ತಲೆ ಮೇಲೆ ಕೈ ಇಟ್ಟು ಕುಳಿತ. ಹೇಳಿದ್ದು ನಿಜ. ನಾನು ಕೊಡಲಿಲ್ಲ.

ಚೈತಾಲಿ ಮೇಡಂ ಒಳ್ಳೆಯವರು. ತಾಮ್ರಕ್ಕೆ ಬೆಸುಗೆ ಹಾಕಿ ನಿಲ್ಲಿಸಿದ್ದೆ, ಇನ್ನೊಂದು ಬದಿಯ ಕಾರ್ಬನ್ ಹಾಗೆಯೇ ಉಳಿದಿತ್ತು. ಕಾಯುವಷ್ಟು ಕಾದರು. ಅವರ ಸಹಾಯಕಿ ಸೆಟ್ ಹಿಡಿದು ಹೆದ್ದಾರಿಯ ಬಸ್ ನಿಲ್ದಾಣದ ತನಕ ನಡೆದಳು. ಅಲ್ಲಿಗೆ ಕೇಳಿಸಲಿಲ್ಲ. ಅರ್ಧ ದಾರಿಗೆ ವಾಪಸ್ ಬಂದಳು. ಅಲ್ಲಿಗೂ ಇಲ್ಲ. ಮುದ್ದಣ್ಣ ಕೇಳಿದ, “ಮೇಡಂ, ಹೊರಗೆ ಒಂದು ಕಡ್ಡಿ ನೆಟ್ಟರೆ ಆಗುವುದಿಲ್ವಾ?” ಅವರು ಮೆಲ್ಲಗೆ ಹೇಳಿದರು: “ಆಗುತ್ತದೆ. ಆದರೆ ನಕ್ಷೆ ಬದಲಾಗುತ್ತದೆ, ಬಾಲದ ರಿಪೇರಿಯನ್ನೂ ಹೊಸದಾಗಿ ನೋಡಬೇಕು. ಮಳೆಗಾಲ ಕಳೆದು ಅಕ್ಟೋಬರಿನಲ್ಲಿ ಬರುತ್ತೇನೆ.”

ಆ ಕಡ್ಡಿಯನ್ನು ಮೊದಲೇ ನೆಟ್ಟಿದ್ದರೆ ನಾನು ಈ ಹೊತ್ತಿಗೆ ನಿನ್ನ ತಲೆಯ ಮೇಲಿರುತ್ತಿದ್ದೆ. ಮೈ ನುಣುಪಾಗಿರಬೇಕಿತ್ತಲ್ಲ ನನಗೆ.

ಇವಾನ್


ಕಾನ್ವೆಂಟಿನಿಂದ
14 ಮೇ 2025

ಪ್ರೀತಿಯ ಇವಾನ್,

ಅಕ್ಟೋಬರ್ ದೂರವಿಲ್ಲ. ಆರು ವರ್ಷ ಕಾದವನಿಗೆ ಐದು ತಿಂಗಳು ಯಾವ ಮಹಾ? ಬಾಲದ ರೆಕ್ಕೆಯನ್ನು ಹೊಸದಾಗಿ ಮಾಡು. ಈ ಸಲ ನಾನೂ ಲೆಕ್ಕ ಸರಿಯಾಗಿ ಹೇಳುತ್ತೇನೆ, ಏನು ಹಾಕಬಾರದು ಎಂಬುದನ್ನೂ ಸೇರಿಸಿ. ಅದನ್ನು ಸೆಪ್ಟೆಂಬರಿನಲ್ಲೇ ಬರೆಯಬೇಕಿತ್ತು.

ಇದನ್ನು ಹೇಳಿದ ಮೇಲೆ ಇನ್ನೊಂದು. ನಿನ್ನ ಪತ್ರ ಓದಲು ಸಿಸ್ಟರ್ ಮನೋರಮಾ ಅವರ ಭೂತಗನ್ನಡಿ ಬೇಕಾಯಿತು. ಅವರು ಹಿಂದೆ ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು. ಪತ್ರವನ್ನು ನೋಡಿ ಕೇಳಿದರು, “ನಿಮ್ಮ ತಮ್ಮನ ಕೈ ನಡುಗುತ್ತದೆಯಾ?” ಇಲ್ಲ, ಪೆನ್ನು ಸರಿ ಇಲ್ಲ ಎಂದೆ. ಅವರು ಭೂತಗನ್ನಡಿಯನ್ನು ಮತ್ತೆ ಸಾಲಿನ ಕೊನೆಗೆ ಹಿಡಿದು ನೋಡಿದರು. ಆ ನೋಟ ನನಗೆ ಹಿಡಿಸಲಿಲ್ಲ.

ಗ್ರೈಂಡರ್ ಹೇಗೆ ಜಾರಿತು? ಹದಿನೇಳನೆಯ ವಯಸ್ಸಿನಿಂದ ಅದನ್ನು ಹಿಡಿದವನು ನೀನು. ನಿಜ ಹೇಳು.

ಆನ್ಸಿಲ್ಲಾ


ಉದ್ಯಾವರ
3 ಆಗಸ್ಟ್ 2025

ಅಕ್ಕಾ,

ಅಕ್ಷರ ದೊಡ್ಡದಾಗಿ, ದುಂಡಗೆ ಇದೆಯಲ್ಲ? ಬರೆಯುತ್ತಿರುವುದು ಕ್ಯಾರಲ್. ನಾನು ಹೇಳುತ್ತಿದ್ದೇನೆ. ನಿನ್ನ ಪ್ರಶ್ನೆಗೆ ಎರಡೂವರೆ ತಿಂಗಳು ಉತ್ತರಿಸದೆ ಕುಳಿತದ್ದಕ್ಕೆ ಅವಳು ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಇದನ್ನೂ ಬರೆ ಎಂದಿದ್ದೇನೆ, ಬರೆದಿದ್ದಾಳೆ.

ಕಳೆದ ವರ್ಷ ಜುಲೈಯಲ್ಲಿ ಮಣಿಪಾಲದ ಡಾಕ್ಟರ್ ಹೇಳಿದರು, ಪಾರ್ಕಿನ್ಸನ್. ನಿನಗೆ ಆಂಟೆನಾ ಕೇಳಿ ಬರೆದೆನಲ್ಲ, ಅದಕ್ಕೂ ಒಂದು ತಿಂಗಳ ಮೊದಲು. ಕೈ ಸುಮ್ಮನೆ ಇಟ್ಟರೆ ನಡುಗುತ್ತದೆ, ಕೆಲಸಕ್ಕೆ ಹಿಡಿದರೆ ಆಗ ನಿಲ್ಲುತ್ತಿತ್ತು. ಈಗೀಗ ಹಿಡಿದದ್ದನ್ನು ಬೆರಳು ಬಿಟ್ಟುಬಿಡುತ್ತದೆ.

ಹಾರುವವರಿಗೆ ಬೇಕಾದ ವೈದ್ಯಕೀಯ ಪ್ರಮಾಣಪತ್ರ ನನಗೆ ಅದಕ್ಕೂ ಮೊದಲೇ ಸಿಕ್ಕಿತ್ತು. ಅವಧಿ ಮೊನ್ನೆ ಜುಲೈ ಮೂವತ್ತೊಂದರ ತನಕ. ಇನ್ನೊಮ್ಮೆ ಸಿಗುವುದಿಲ್ಲ. ಕಾಯಿಲೆ ಗೊತ್ತಾದ ಮೇಲೆ ಆ ಪತ್ರ ಇಟ್ಟುಕೊಂಡದ್ದೇ ತಪ್ಪು, ಯಾರಿಗೂ ಹೇಳದೆ ಹಾರಲು ಹೊರಟದ್ದು ಪಾಪ. ಮದರ್, ಕ್ಷಮಿಸಿ. ಒಂದೇ ಸಲ ಅಂದುಕೊಂಡಿದ್ದೆ. ಮೇ ತಿಂಗಳಲ್ಲಿ ಒಂದು ಸಲ, ಅಂಗಳದಲ್ಲಿ ಅಕ್ಕ ನಿಂತಿರುವಾಗ. ಆಮೇಲೆ ನಾನೇ ಹೋಗಿ ಎಲ್ಲ ಹೇಳಿ ಪತ್ರ ಹಿಂತಿರುಗಿಸುವುದು.

ಜುಲೈ ಮೂವತ್ತೊಂದರ ಮಧ್ಯಾಹ್ನ ಶೆಡ್ಡಿಗೆ ಹೋಗಿ ವಿಮಾನದಲ್ಲಿ ಕುಳಿತೆ. ಕ್ಲಬ್ಬಿನಿಂದ ಮತ್ತೆ ತರಿಸಿದ್ದ ಸೆಟ್ಟನ್ನು ಮುದ್ದಣ್ಣನ ಕೈಗೆ ಕೊಟ್ಟೆ. ನಾನು ಮಾತಾಡಿದೆ. ಅವನು ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ ಹೋದ. ಬಾಗಿಲ ತನಕ ಕೈ ಎತ್ತುತ್ತಿದ್ದ, ಕೇಳುತ್ತದೆ ಎಂದು. ಹೊಸ್ತಿಲು ದಾಟಿದ ಮೇಲೆ ಎತ್ತಲಿಲ್ಲ. ಕೊಡೆ ಬಿಡಿಸದೆ ಮಳೆಯಲ್ಲೇ ನಿಂತು ಸೆಟ್ಟನ್ನು ಒಮ್ಮೆ ಈ ಕಿವಿಗೆ, ಒಮ್ಮೆ ಆ ಕಿವಿಗೆ ಹಿಡಿದು ನೋಡುತ್ತಿದ್ದ. ಒಂದೂವರೆ ಆಗಿತ್ತು. “ಅಕ್ಕಾ, ಮೇಲೆ ನೋಡು” ಎಂದು ಎರಡು ಸಲ ಹೇಳಿ ಸ್ವಿಚ್ ಆರಿಸಿದೆ.

ಇವಾನ್


ಕಾನ್ವೆಂಟಿನಿಂದ
17 ಆಗಸ್ಟ್ 2025

ಇವಾನ್,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು.

ಮೊದಲು ಸಿಟ್ಟು. ಲಕೋಟೆಯ ಮೇಲೆ ‘ಅಸೌಖ್ಯ’ ಎಂಬ ಒಂದು ಪದ ಬರೆದಿದ್ದರೆ ನಿನ್ನ ಪತ್ರವನ್ನು ಅಂದೇ ಒಡೆಯುತ್ತಿದ್ದರು. ಅಂಥದ್ದನ್ನು ತಪಸ್ಸುಕಾಲದಲ್ಲೂ ಹಿಡಿದಿಡುವುದಿಲ್ಲ. ತುರ್ತಿಗೆ ಕಾಯಿಲೆಯೇ ಬೇಕೆಂದು ನಾನು ಹೇಳಿದ್ದೆ, ನಿನ್ನ ಬಳಿ ಕಾಯಿಲೆ ಇತ್ತು, ಆದರೂ ನೀನು ಬರೆಯಲಿಲ್ಲ. ಇದನ್ನು ಕೇಳಿ ಮದರ್ ಡ್ರಾಯರಿನ ಕೀಲಿಯನ್ನು ತೆಗೆದು ನನ್ನ ಮುಂದೆ ಇಟ್ಟರು. ಅವರ ತಪ್ಪಲ್ಲ ಎಂದೆ. ಅಲ್ಲವೇ ಅಲ್ಲ.

ಈಗ ನನ್ನದು. ನನಗೆ ಯಾವ ಕನಸೂ ಬಿದ್ದಿರಲಿಲ್ಲ. ನೀನು ಹಾರುತ್ತೀ ಎಂಬುದು ನವೆಂಬರಿನಲ್ಲಿ ನಿಜವಾದಾಗ ನನಗೆ ಹೆದರಿಕೆಯಾಯಿತು. ಅಮ್ಮ, ಪಪ್ಪ ಹೋದ ಮೇಲೆ ನನಗೆ ಹೊರಗೆ ಇರುವವನು ನೀನೊಬ್ಬ. ಹಾರಬೇಡ ಎಂದರೆ ನೀನು ಕೇಳುವವನಲ್ಲ. ಹಾಗಾಗಿ ಕನಸು ಕಟ್ಟಿದೆ. ಬಾಲ ಗಟ್ಟಿ ಮಾಡಲು ಹೊರಟರೆ ತಡವಾಗುತ್ತದೆ, ತಡವಾದರೆ ಮನಸ್ಸು ಬದಲಾಗಬಹುದು ಎಂದು. ಎಲ್ಲ ಕಡೆ ಗಾಜಿನ ಬಟ್ಟೆಯೇ ಹಾಕುವವನು ಕಾರ್ಬನ್ ತರುತ್ತೀ ಎಂದು ನನಗೆ ಹೊಳೆಯಲೇ ಇಲ್ಲ. ನಿನ್ನ ತಾಮ್ರಕ್ಕೆ ಹೊದಿಕೆ ಹಾಕಿದ್ದು ನನ್ನ ಸುಳ್ಳು.

ಅದೂ ಸಾಲದೆಂದು ನಲವತ್ತು ದಿನ, ನಿನ್ನ ಪತ್ರ ಪಕ್ಕದ ಕೋಣೆಯಲ್ಲಿ ಬಿದ್ದಿರುವಾಗ, ನೀನು ಹಾರದಿರಲಿ ಎಂದೇ ಪ್ರಾರ್ಥಿಸಿದೆ. ನಾನು ಬೇಡಿದ್ದು ನನಗೆ ಸಿಕ್ಕಿದೆ. ಈಗ ಪ್ರಾರ್ಥನೆಗೆ ಕುಳಿತರೆ ಏನು ಬೇಡಬೇಕೆಂದು ತಿಳಿಯುವುದಿಲ್ಲ, ಸುಮ್ಮನೆ ಕುಳಿತು ಎದ್ದು ಬರುತ್ತೇನೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅಷ್ಟು ಹೆದರುತ್ತಿದ್ದರೂ ಮೇ ತಿಂಗಳಿಡೀ ಒಂದೂವರೆಗೆ ಅಂಗಳಕ್ಕೆ ಬಂದು ಮೇಲೆ ನೋಡುತ್ತಿದ್ದೆ. ವಿಮಾನ ಪರೀಕ್ಷೆಯಲ್ಲಿ ಪಾಸಾಗಲಿಲ್ಲ ಎಂದು ನಿನ್ನ ಪತ್ರ ಬಂದ ಮೇಲೂ ನೋಡಿದೆ. ಜುಲೈ ಮೂವತ್ತೊಂದರಂದೂ ನೋಡಿದ್ದೇನೆ. ಇಲ್ಲೂ ಮಳೆ ಇತ್ತು.

ಆನ್ಸಿಲ್ಲಾ


ಉದ್ಯಾವರ
7 ಡಿಸೆಂಬರ್ 2025

ಅಕ್ಕಾ,

ಇದನ್ನು ನಾನೇ ಬರೆಯುತ್ತಿದ್ದೇನೆ. ಬೆಳಗ್ಗೆ ಶುರು ಮಾಡಿದ್ದು, ಈಗ ಊಟದ ಹೊತ್ತು. ಭೂತಗನ್ನಡಿ ತೆಗೆದುಕೋ.

ಕ್ರಿಸ್ಮಸ್ ಮುಂಚಿನ ನಾಲ್ಕು ವಾರ ನಿಮ್ಮ ಬಾಗಿಲು ಮುಚ್ಚಿರುತ್ತದೆ ಎಂದು ಗೊತ್ತು. ಲಕೋಟೆಯ ಮೇಲೆ ಕ್ಯಾರಲ್ ಕೈಯಲ್ಲಿ ‘ಅಸೌಖ್ಯ’ ಎಂದು ಬರೆಸಿದ್ದೇನೆ. ಸುಳ್ಳೇನೂ ಅಲ್ಲ. ಇನ್ನು ಎಲ್ಲ ಪತ್ರಗಳ ಮೇಲೂ ಬರೆಸುತ್ತೇನೆ. ಯಾವುದೂ ಡ್ರಾಯರಿನಲ್ಲಿ ಕಾಯಬೇಕಾಗಿಲ್ಲ.

ಚೈತಾಲಿ ಮೇಡಂ ಅಕ್ಟೋಬರಿನಲ್ಲಿ ಬರುವುದು ಬೇಡವೆಂದು ನಾನೇ ಬರೆದೆ. ಎಲ್ಲವನ್ನೂ ಹೇಳಿ ಬರೆದೆ. ಎಂಜಿನ್ ಕ್ಲಬ್ಬಿನವರು ಒಯ್ದರು. ಮೈಯನ್ನು ಮುದ್ದಣ್ಣ ಕೇಳಿದ. ಮೇಲಿನ ಅರ್ಧ ಕೊಯ್ದರೆ ಹೊಳೆಯಲ್ಲಿ ಬಲೆ ಬೀಸಲು ಒಬ್ಬನ ದೋಣಿಯಾಗುತ್ತದೆಯಂತೆ. “ನಾನು ಮೊದಲೇ ಹೇಳಲಿಲ್ವಾ, ಇದು ನೀರಿನದ್ದು” ಎಂದ. ಕೊಟ್ಟೆ. ಬಾಲವನ್ನು ಕೊಯ್ಯುವಾಗ ನಾನು ಬೆಂಚಿನ ಮೇಲೆ ಕುಳಿತಿದ್ದೆ. ಒಳಗೆ ತಾಮ್ರ ಹೊಸದರ ಹಾಗೆಯೇ ಹೊಳೆಯುತ್ತಿತ್ತು. ಅದರಲ್ಲಿ ಬೆರಳುದ್ದದ ಒಂದು ತುಂಡು ಇದರ ಜೊತೆ ಇಟ್ಟಿದ್ದೇನೆ. ಮದರ್ ಅಪ್ಪಣೆ ಕೊಟ್ಟರೆ ಪ್ರಾರ್ಥನೆ ಪುಸ್ತಕದಲ್ಲಿ ಇಟ್ಟುಕೋ.

ಕನಸಿನ ಸುಳ್ಳಿಗೆ ನನಗೆ ಸಿಟ್ಟಿಲ್ಲ. ಇತ್ತು, ಮೂರು ತಿಂಗಳು ಇತ್ತು. ಅದಕ್ಕೇ ಬರೆದಿರಲಿಲ್ಲ.

ಕ್ರಿಸ್ಮಸ್ ತನಕ ನೀನು ಉತ್ತರಿಸಲಾರೆ ಎಂದು ಗೊತ್ತು, ಕಾಯುವುದಿಲ್ಲ. ಒಂದು ಮಾತು ಮಾತ್ರ. ಒಂದೂವರೆಗೆ ಅಂಗಳಕ್ಕೆ ಬಂದಾಗ ಮೇಲೆ ನೋಡುವುದು ಇನ್ನು ಬೇಡ ಅಕ್ಕಾ, ನಿನಗೂ ವಯಸ್ಸಾಯಿತು, ಕತ್ತು ನೋಯುತ್ತದೆ.

ಇವಾನ್